ಆಂಪ್ ಸಿಮ್ಯುಲೇಷನ್ ತಂತ್ರಾಂಶದಲ್ಲಿ ಎಲೆಕ್ಟ್ರಿಕ್ ಗಿಟಾರಿನ ಸಸ್ಟೇನ್

ಸಸ್ಟೇನ್ ಎಂದರೆ ಗಿಟಾರಿನ ತಂತಿಯನ್ನು ಒಮ್ಮೆ ಮೀಟಿದ ನಂತರ ಅದರ ನಾದವು ಕೇಳಿಸುತ್ತ ಉಳಿಯುವ ಅವಧಿ. ಆಂಪ್ ಸಿಮ್ಯುಲೇಷನ್ ತಂತ್ರಾಂಶವು ಗಿಟಾರ್ ಆಂಪ್ಲಿಫೈಯರ್, ಸ್ಪೀಕರ್ ಪೆಟ್ಟಿಗೆ ಹಾಗೂ ಅದರ ಮುಂದಿಡುವ ಮೈಕ್ರೊಫೋನಿನ ವರ್ತನೆಯನ್ನು ಗಣಕಯಂತ್ರದಲ್ಲಿ ಅನುಕರಿಸುವ ತಂತ್ರಾಂಶವಾಗಿದೆ. ಇಂತಹ ತಂತ್ರಾಂಶವನ್ನು ಹೆಡ್‌ಫೋನ್ ಮೂಲಕ ಕೇಳುತ್ತ ನುಡಿಸುವಾಗ, ದೊಡ್ಡ ಆಂಪ್ಲಿಫೈಯರಿನ ಮುಂದೆ ನಿಂತಾಗ ದೊರೆಯುವಷ್ಟು ದೀರ್ಘವಾದ ನಾದ ದೊರೆಯುವುದಿಲ್ಲ ಎಂಬುದು ಅನೇಕ ವಾದಕರ ಅನುಭವವಾಗಿದೆ. ಹಲವು ಸಂದರ್ಭಗಳಲ್ಲಿ ಇದಕ್ಕೆ ಕಾರಣ ಅನುಕರಣೆಯಲ್ಲಿನ ದೋಷವಲ್ಲ. ಸ್ಪೀಕರಿನಿಂದ ಹೊರಟ ಶಬ್ದವು ಗಾಳಿಯ ಮೂಲಕ ಮರಳಿ ತಂತಿಯನ್ನು ತಲುಪಿ ಅದನ್ನು ಕಂಪಿಸುವಂತೆ ಮಾಡುವ ಕ್ರಿಯೆ ಹೆಡ್‌ಫೋನ್ ಬಳಕೆಯಲ್ಲಿ ಇರುವುದಿಲ್ಲ.

ಸಸ್ಟೇನ್ ಹೆಚ್ಚಿಸುವ ವಿಧಾನಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು: ತಂತಿಯು ಶಕ್ತಿಯನ್ನು ಕಳೆದುಕೊಳ್ಳುವ ವೇಗವನ್ನು ತಗ್ಗಿಸುವುದು, ಕ್ಷೀಣಿಸುತ್ತಿರುವ ಸಂಕೇತದ ಮಟ್ಟವನ್ನು ತಂತ್ರಾಂಶದಲ್ಲಿ ಎತ್ತಿ ಹಿಡಿಯುವುದು ಮತ್ತು ತಂತಿಗೆ ಹೊರಗಿನಿಂದ ಹೊಸ ಶಕ್ತಿಯನ್ನು ಒದಗಿಸುವುದು.

ಭೌತಿಕ ಹಿನ್ನೆಲೆ

ಪಿಟೀಲಿನ ಕಮಾನು ಅಥವಾ ಕೊಳಲಿನ ಉಸಿರು ವಾದ್ಯಕ್ಕೆ ನಿರಂತರವಾಗಿ ಶಕ್ತಿಯನ್ನು ಪೂರೈಸುತ್ತದೆ. ಗಿಟಾರಿನಲ್ಲಿ ತಂತಿಗೆ ಶಕ್ತಿ ದೊರೆಯುವುದು ಮೀಟುವ ಕ್ಷಣದಲ್ಲಿ ಮಾತ್ರ. ನಂತರ ಆ ಶಕ್ತಿಯು ಬ್ರಿಡ್ಜ್, ನಟ್ ಮತ್ತು ಫ್ರೆಟ್‌ಗಳ ಮೂಲಕ ಮರಕ್ಕೆ, ಗಾಳಿಯ ಘರ್ಷಣೆಗೆ, ತಂತಿಯ ಲೋಹದ ಒಳಗಿನ ಘರ್ಷಣೆಗೆ ಮತ್ತು ತಂತಿಯನ್ನು ಒತ್ತಿರುವ ಬೆರಳಿಗೆ ವ್ಯಯವಾಗುತ್ತದೆ. ಸಾಮಾನ್ಯವಾಗಿ ಹೆಚ್ಚಿನ ಆವರ್ತನದ ಹಾರ್ಮೋನಿಕ್‌ಗಳು ಬೇಗ ಅಳಿಯುತ್ತವೆ, ಮೂಲಸ್ವರ ಕೊನೆಯವರೆಗೆ ಉಳಿಯುತ್ತದೆ. ಮೀಟಿದ ಕ್ಷಣದ ಹೊಳಪು ಮಾಯವಾಗಿ ನಾದವು ಕ್ರಮೇಣ ಮೃದುವಾಗುವುದು ಈ ಕಾರಣದಿಂದ.

ಟೊಳ್ಳು ಒಡಲಿನ ಗಿಟಾರಿನಲ್ಲಿ ತಂತಿಯ ಶಕ್ತಿಯ ಗಣನೀಯ ಪಾಲು ಒಡಲನ್ನು ಕಂಪಿಸಿ ಶಬ್ದವಾಗಿ ಹೊರಬೀಳುತ್ತದೆ. ಗಟ್ಟಿ ಮರದ ಒಡಲು ಸುಲಭವಾಗಿ ಕಂಪಿಸದ ಕಾರಣ ತಂತಿಯಲ್ಲಿ ಶಕ್ತಿಯು ಹೆಚ್ಚು ಕಾಲ ಉಳಿಯುತ್ತದೆ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1940ರ ಸುಮಾರಿಗೆ ಮರದ ದಿಮ್ಮಿಯೊಂದನ್ನೇ ನಡುಭಾಗವಾಗಿಟ್ಟುಕೊಂಡು "ಲಾಗ್" ಎಂಬ ಪ್ರಾಯೋಗಿಕ ಗಿಟಾರನ್ನು ನಿರ್ಮಿಸಿದರು. ಅವರ ಹೆಸರನ್ನು ಹೊತ್ತ ಗಟ್ಟಿ ಒಡಲಿನ ಗಿಟಾರನ್ನು ಗಿಬ್ಸನ್ ಸಂಸ್ಥೆಯು 1952ರಲ್ಲಿ ಮಾರುಕಟ್ಟೆಗೆ ತಂದಿತು.

ಕ್ಷೀಣಿಸುವ ದರ ಮತ್ತು ಗೇನ್

ತಂತಿಯ ಕಂಪನವನ್ನು ಡೆಸಿಬೆಲ್‌ಗಳಲ್ಲಿ ಅಳೆದಾಗ ಅದರ ಮಟ್ಟವು ಸ್ಥೂಲವಾಗಿ ಸಮನಾದ ದರದಲ್ಲಿ ಇಳಿಯುತ್ತದೆ. ಡಿಸ್ಟಾರ್ಷನ್ ಉಳ್ಳ ಆಂಪ್ಲಿಫೈಯರ್ ಒಂದು ಮಿತಿಗಿಂತ ಮೇಲಿನ ಸಂಕೇತವನ್ನು ಕತ್ತರಿಸಿ ಸಮತಟ್ಟಾಗಿಸುತ್ತದೆ. ತಂತಿಯ ಮಟ್ಟ ಆ ಮಿತಿಗಿಂತ ಕೆಳಗೆ ಇಳಿಯುವವರೆಗೂ ಹೊರಬರುವ ಶಬ್ದದ ಗಾತ್ರ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ. ಆದ್ದರಿಂದ ಸಮನಾದ ನಾದದ ಅವಧಿಯು, ಮೀಟಿದ ಕ್ಷಣದ ಮಟ್ಟಕ್ಕೂ ಆ ಮಿತಿಗೂ ನಡುವಿನ ಅಂತರವನ್ನು ಕ್ಷೀಣಿಸುವ ದರದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಹತ್ತಿರವಾಗಿರುತ್ತದೆ. ಇದನ್ನು ಕೆಳಗಿನ ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು.

• ದರ ಸೆಕೆಂಡಿಗೆ 6 ಡೆಸಿಬೆಲ್, ಅಂತರ 30 ಡೆಸಿಬೆಲ್: ನಾದ ಸುಮಾರು 5 ಸೆಕೆಂಡ್ ಉಳಿಯುತ್ತದೆ.
• ಅದೇ ದರ, ಗೇನ್ 6 ಡೆಸಿಬೆಲ್ ಹೆಚ್ಚಿಸಿದಾಗ ಅಂತರ 36 ಡೆಸಿಬೆಲ್: ನಾದ ಸುಮಾರು 6 ಸೆಕೆಂಡ್ ಉಳಿಯುತ್ತದೆ.
• ಗೇನ್ ಬದಲಿಸದೆ ದರವನ್ನು 3 ಡೆಸಿಬೆಲ್‌ಗೆ ಇಳಿಸಿದಾಗ: ನಾದ ಸುಮಾರು 10 ಸೆಕೆಂಡ್ ಉಳಿಯುತ್ತದೆ.

ಗೇನ್ ಹೆಚ್ಚಿಸಿದಾಗ ಅವಧಿಗೆ ಸ್ವಲ್ಪ ಕೂಡುತ್ತದೆ, ಆದರೆ ಅದರೊಂದಿಗೆ ಪಿಕಪ್‌ನ ಗುಂಯ್‌ಗುಡುವಿಕೆ ಮತ್ತು ಇತರ ಗದ್ದಲವೂ ಅಷ್ಟೇ ಡೆಸಿಬೆಲ್‌ಗಳಷ್ಟು ಏರುತ್ತದೆ. ಕ್ಷೀಣಿಸುವ ದರವನ್ನು ಅರ್ಧಕ್ಕೆ ಇಳಿಸಿದರೆ ಅವಧಿಯು ಇಮ್ಮಡಿಯಾಗುತ್ತದೆ. ತಂತಿಗೆ ಹೊರಗಿನಿಂದ ಸಾಕಷ್ಟು ಶಕ್ತಿ ದೊರೆತರೆ ದರವು ಶೂನ್ಯಕ್ಕೆ ಇಳಿದು, ನಾದವು ಬಯಸಿದಷ್ಟು ಹೊತ್ತು ಉಳಿಯಬಲ್ಲದು. ತಂತ್ರಾಂಶದ ಗೇನ್ ಗುಂಡಿಯೊಂದನ್ನೇ ತಿರುಗಿಸುವುದರಿಂದ ನಿರೀಕ್ಷಿತ ಫಲ ಸಿಗದಿರುವುದಕ್ಕೆ ಇದೇ ಕಾರಣ.

ಇತಿಹಾಸ

ಸ್ಪೀಕರಿನ ಶಬ್ದವು ತಂತಿಯನ್ನು ಮರಳಿ ಕಂಪಿಸುವ ಕ್ರಿಯೆಯನ್ನು ಅಕೌಸ್ಟಿಕ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಆರಂಭದಲ್ಲಿ ದೋಷವೆಂದು ಪರಿಗಣಿಸಲಾಗಿದ್ದ ಇದನ್ನು 1960ರ ದಶಕದ ರಾಕ್ ವಾದಕರು ಸಂಗೀತದ ಸಾಧನವಾಗಿ ಬಳಸಿಕೊಂಡರು. 1964ರಲ್ಲಿ ಬಿಡುಗಡೆಯಾದ ಬೀಟಲ್ಸ್ ತಂಡದ "ಐ ಫೀಲ್ ಫೈನ್" ಗೀತೆಯು ಫೀಡ್‌ಬ್ಯಾಕ್‌ನಿಂದಲೇ ಆರಂಭವಾಗುತ್ತದೆ. ಜಿಮಿ ಹೆಂಡ್ರಿಕ್ಸ್ ಮತ್ತು ಕಾರ್ಲೋಸ್ ಸಂಟಾನಾ ಇದನ್ನು ತಮ್ಮ ಶೈಲಿಯ ಅಂಗವನ್ನಾಗಿಸಿಕೊಂಡರು. ಡೇವಿಡ್ ಬೋವಿಯ 1977ರ "ಹೀರೋಸ್" ಗೀತೆಯ ಧ್ವನಿಮುದ್ರಣದಲ್ಲಿ ರಾಬರ್ಟ್ ಫ್ರಿಪ್, ಯಾವ ಸ್ವರಕ್ಕೆ ಸ್ಪೀಕರಿನಿಂದ ಎಷ್ಟು ದೂರ ನಿಲ್ಲಬೇಕೆಂಬುದನ್ನು ನೆಲದ ಮೇಲೆ ಗುರುತು ಮಾಡಿಕೊಂಡು ನುಡಿಸಿದರು.

ಆಂಪ್ಲಿಫೈಯರಿನ ಅನುಕರಣೆಯು ಆರಂಭವಾದದ್ದು ಅನಲಾಗ್ ಉಪಕರಣಗಳಿಂದ. ಬಾಸ್ಟನ್ ತಂಡದ ಟಾಮ್ ಶೋಲ್ಜ್ 1982ರಲ್ಲಿ ಹೊರತಂದ ರಾಕ್‌ಮನ್ ಹೆಡ್‌ಫೋನ್‌ಗಾಗಿಯೇ ರೂಪಿಸಿದ ಸಣ್ಣ ಉಪಕರಣವಾಗಿತ್ತು. ಸಸ್ಟೇನ್ ಒದಗಿಸಲು ಅದರಲ್ಲಿ ಕಂಪ್ರೆಸರ್ ಅಳವಡಿಸಲಾಗಿತ್ತು. 1989ರಲ್ಲಿ ಟೆಕ್ 21 ಸಂಸ್ಥೆಯ ಸ್ಯಾನ್ಸ್‌ಆಂಪ್, 1998ರಲ್ಲಿ ಲೈನ್ 6 ಸಂಸ್ಥೆಯ ಡಿಜಿಟಲ್ ಉಪಕರಣ ಪಾಡ್ ಬಂದವು. ಆಂಪ್ಲಿಟ್ಯೂಬ್ 2002ರಲ್ಲಿ ಮತ್ತು ಗಿಟಾರ್ ರಿಗ್ 2004ರಲ್ಲಿ ಬಿಡುಗಡೆಯಾದ ನಂತರ ಗಣಕಯಂತ್ರದಲ್ಲಿ ನಡೆಯುವ ಅನುಕರಣೆ ಮನೆಮಾತಾಯಿತು. 2020ರ ದಶಕದಲ್ಲಿ ಯಂತ್ರ ಕಲಿಕೆಯನ್ನು ಆಧರಿಸಿದ ನ್ಯೂರಲ್ ಆಂಪ್ ಮಾಡೆಲರ್‌ನಂತಹ ಮುಕ್ತ ತಂತ್ರಾಂಶಗಳು ಉಚಿತವಾಗಿ ಲಭ್ಯವಾದವು.

ತಂತ್ರಾಂಶದಲ್ಲಿ ಸಸ್ಟೇನ್ ಕುಗ್ಗಲು ಕಾರಣಗಳು

• ಫೀಡ್‌ಬ್ಯಾಕ್‌ನ ಅಭಾವ: ಹೆಡ್‌ಫೋನ್‌ನಿಂದ ತಂತಿಗೆ ಶಬ್ದಶಕ್ತಿ ತಲುಪುವುದಿಲ್ಲ. ದೊಡ್ಡ ಆಂಪ್ಲಿಫೈಯರಿನ ಮುಂದೆ, ಊಳಿಡುವಷ್ಟು ಫೀಡ್‌ಬ್ಯಾಕ್ ಉಂಟಾಗದಿದ್ದಾಗಲೂ, ತಂತಿಗೆ ಮರಳುವ ಅಲ್ಪ ಶಕ್ತಿಯು ಕ್ಷೀಣಿಸುವ ದರವನ್ನು ತಗ್ಗಿಸಬಲ್ಲದು.
• ಕಡಿಮೆ ಶಬ್ದಮಟ್ಟ: ಮೆಲ್ಲಗೆ ಕೇಳುವಾಗ ನಾದದ ಕೊನೆಯ ಭಾಗವು ಕೋಣೆಯ ಫ್ಯಾನಿನ ಸದ್ದು ಅಥವಾ ಹಿನ್ನೆಲೆ ಗದ್ದಲದಲ್ಲಿ ಬೇಗ ಮುಳುಗಿಹೋಗುತ್ತದೆ. ತಂತಿಯು ಕಂಪಿಸುತ್ತಿದ್ದರೂ ನಾದ ನಿಂತಂತೆ ತೋರುತ್ತದೆ.
• ಒಳಬರುವ ಸಂಕೇತದ ದುರ್ಬಲತೆ: ತಂತ್ರಾಂಶವು ನಿರೀಕ್ಷಿಸುವ ಮಟ್ಟಕ್ಕಿಂತ ಕಡಿಮೆ ಸಂಕೇತ ಬಂದರೆ ಅನುಕರಿಸಿದ ಆಂಪ್ಲಿಫೈಯರ್ ಸಾಕಷ್ಟು ಡಿಸ್ಟಾರ್ಷನ್ ನೀಡುವುದಿಲ್ಲ.
• ನಾಯ್ಸ್ ಗೇಟ್: ಗದ್ದಲವನ್ನು ತಡೆಯುವ ಈ ಘಟಕವು ತಪ್ಪಾಗಿ ಹೊಂದಿಸಲ್ಪಟ್ಟಿದ್ದರೆ ನಾದದ ಬಾಲವನ್ನೂ ಕತ್ತರಿಸುತ್ತದೆ.
• ಸ್ಪೀಕರ್ ಅನುಕರಣೆಯ ಸ್ವರೂಪ: ಸ್ಪೀಕರ್ ಪೆಟ್ಟಿಗೆಯನ್ನು ಅನುಕರಿಸಲು ಬಳಸುವ ಇಂಪಲ್ಸ್ ರೆಸ್ಪಾನ್ಸ್ ಕಡತಗಳು ಆವರ್ತನಗಳ ಏರಿಳಿತವನ್ನು ಮಾತ್ರ ದಾಖಲಿಸುತ್ತವೆ. ಹೆಚ್ಚಿನ ಶಬ್ದದಲ್ಲಿ ನೈಜ ಸ್ಪೀಕರ್ ತೋರುವ ಕಂಪ್ರೆಷನ್ ಅವುಗಳಲ್ಲಿ ಸೇರಿರುವುದಿಲ್ಲ.

ಹೆಚ್ಚಿಸುವ ವಿಧಾನಗಳು

ವಾದ್ಯದ ಸ್ಥಿತಿ

ತಂತಿಯಲ್ಲೇ ಇಲ್ಲದ ಕಂಪನವನ್ನು ತಂತ್ರಾಂಶವು ಸೃಷ್ಟಿಸಲಾರದು. ಬೆವರು ಮತ್ತು ಕೊಳೆ ಹಿಡಿದ ಹಳೆಯ ತಂತಿಗಳಲ್ಲಿ ಹಾರ್ಮೋನಿಕ್‌ಗಳು ಬೇಗ ಅಳಿಯುವುದರಿಂದ ತಂತಿ ಬದಲಾವಣೆಯು ಅತ್ಯಂತ ಸರಳ ಹಾಗೂ ಅಗ್ಗದ ಉಪಾಯವಾಗಿದೆ. ತಂತಿಗಳು ಫ್ರೆಟ್‌ಗಳಿಗೆ ತೀರ ಹತ್ತಿರವಿದ್ದರೆ ಕಂಪಿಸುವಾಗ ಫ್ರೆಟ್‌ಗೆ ತಗುಲಿ ಶಕ್ತಿ ನಷ್ಟವಾಗುತ್ತದೆ. ಸವೆದ ಫ್ರೆಟ್, ಸಡಿಲವಾದ ಬ್ರಿಡ್ಜ್ ಮತ್ತು ಸರಿಯಾಗಿ ಕೊರೆಯದ ನಟ್ ಕೂಡ ಇದೇ ಪರಿಣಾಮವನ್ನು ಬೀರುತ್ತವೆ.

ಪಿಕಪ್ ತಂತಿಗೆ ಹತ್ತಿರವಾದಷ್ಟೂ ಸಂಕೇತ ಪ್ರಬಲವಾಗುತ್ತದೆ. ಆದರೆ ಕಾಂತವು ತೀರ ಸಮೀಪವಿದ್ದರೆ ಅದರ ಸೆಳೆತವು ತಂತಿಯ ಸಹಜ ಕಂಪನಕ್ಕೆ ಅಡ್ಡಿಪಡಿಸಿ, ಸ್ವರವು ಅಲುಗಾಡಿದಂತೆ ಕೇಳಿಸುತ್ತದೆ. ಕಾಂತದ ಕಂಬಗಳೇ ನೇರವಾಗಿ ತಂತಿಯ ಕೆಳಗಿರುವ ಸಿಂಗಲ್ ಕಾಯಿಲ್ ಪಿಕಪ್‌ಗಳಲ್ಲಿ ಇದು ಹೆಚ್ಚು ಸ್ಪಷ್ಟ. ಹಂಬಕರ್ ಪಿಕಪ್‌ಗಳು ವಿದ್ಯುತ್ ಜಾಲದ ಗುಂಯ್‌ಗುಡುವಿಕೆಯನ್ನು ತಡೆಯುವ ಕಾರಣ ಹೆಚ್ಚಿನ ಗೇನ್ ಬಳಸಲು ಅನುವು ಮಾಡಿಕೊಡುತ್ತವೆ.

ಕೆಲವು ಗಿಟಾರುಗಳಲ್ಲಿ ನಿರ್ದಿಷ್ಟ ತಂತಿಯ ನಿರ್ದಿಷ್ಟ ಫ್ರೆಟ್‌ನಲ್ಲಿ ಮಾತ್ರ ಸ್ವರವು ಬೇಗ ಅಳಿಯುತ್ತದೆ. ಆ ಸ್ವರದ ಆವರ್ತನವು ಗಿಟಾರಿನ ಕುತ್ತಿಗೆಯ ಅನುರಣನ ಆವರ್ತನಕ್ಕೆ ಸಮೀಪವಿದ್ದು, ತಂತಿಯ ಶಕ್ತಿಯನ್ನು ಕುತ್ತಿಗೆ ಹೀರಿಕೊಳ್ಳುವುದು ಇದಕ್ಕೆ ಕಾರಣ. ಇಂತಹ ಸ್ಥಾನಗಳನ್ನು ಡೆಡ್ ಸ್ಪಾಟ್ ಎಂದು ಕರೆಯಲಾಗುತ್ತದೆ. ಗಿಟಾರಿನ ತಲೆಭಾಗಕ್ಕೆ ಸಣ್ಣ ತೂಕವೊಂದನ್ನು ಬಿಗಿದರೆ ಅನುರಣನ ಆವರ್ತನ ಬದಲಾಗಿ ಈ ದೋಷವು ಬೇರೆ ಸ್ವರಕ್ಕೆ ಸರಿಯುತ್ತದೆ. ಅದೇ ಸ್ವರವನ್ನು ಬೇರೆ ತಂತಿಯಲ್ಲಿ ನುಡಿಸುವುದೂ ಪರಿಹಾರವಾಗಬಲ್ಲದು.

ವಾದಕನ ಎಡಗೈಯ ಪಾತ್ರವೂ ಮುಖ್ಯವಾದುದು. ಬೆರಳನ್ನು ಫ್ರೆಟ್‌ನ ಪಕ್ಕದಲ್ಲೇ ಇರಿಸಿ ದೃಢವಾಗಿ ಒತ್ತುವುದರಿಂದ ಶಕ್ತಿನಷ್ಟ ಕಡಿಮೆಯಾಗುತ್ತದೆ. ಬೆರಳಿನಿಂದ ಸ್ವರವನ್ನು ಮೆಲ್ಲನೆ ತೂಗುವ ವೈಬ್ರಾಟೊ ಕೇಳುಗನ ಗಮನವನ್ನು ಕ್ಷೀಣಿಸುತ್ತಿರುವ ನಾದದ ಮೇಲೆ ಹಿಡಿದಿಡುತ್ತದೆ.

ಒಳಬರುವ ಸಂಕೇತ

ಗಿಟಾರನ್ನು ಆಡಿಯೊ ಇಂಟರ್‌ಫೇಸ್‌ನ ವಾದ್ಯಗಳಿಗೆ ಮೀಸಲಾದ ಇನ್‌ಪುಟ್‌ಗೆ ಜೋಡಿಸಬೇಕಾಗುತ್ತದೆ. ಅದರ ಇಂಪೀಡೆನ್ಸ್ ಸಾಮಾನ್ಯವಾಗಿ 1 ಮೆಗಾಓಮ್ ಆಸುಪಾಸಿನಲ್ಲಿರುತ್ತದೆ. ಕಡಿಮೆ ಇಂಪೀಡೆನ್ಸ್‌ನ ಲೈನ್ ಇನ್‌ಪುಟ್‌ಗೆ ಜೋಡಿಸಿದರೆ ಪಿಕಪ್‌ನ ಮೇಲೆ ಹೊರೆ ಬಿದ್ದು ಸಂಕೇತವು ಮಂಕಾಗುತ್ತದೆ. ಅತ್ಯಂತ ಜೋರಾಗಿ ಮೀಟಿದಾಗಲೂ ಸಂಕೇತವು ಡಿಜಿಟಲ್ ಮಾಪಕದ ಗರಿಷ್ಠ ಮಿತಿಯಾದ 0 ಡೆಸಿಬೆಲ್ ಅನ್ನು ಮುಟ್ಟಬಾರದು. ಅದಕ್ಕಿಂತ 6ರಿಂದ 12 ಡೆಸಿಬೆಲ್ ಕೆಳಗಿರುವಂತೆ ಹೊಂದಿಸುವುದು ವಾಡಿಕೆ. ಇಂಟರ್‌ಫೇಸ್‌ನಲ್ಲಿ ಉಂಟಾಗುವ ಡಿಜಿಟಲ್ ಕ್ಲಿಪ್ಪಿಂಗ್ ಕರ್ಕಶವಾಗಿದ್ದು, ಆಂಪ್ಲಿಫೈಯರಿನ ಡಿಸ್ಟಾರ್ಷನ್‌ಗೆ ಪರ್ಯಾಯವಲ್ಲ. ತಂತ್ರಾಂಶದ ತಯಾರಕರು ಒಳಮಟ್ಟದ ಬಗ್ಗೆ ಸೂಚನೆ ನೀಡಿದ್ದರೆ ಅದನ್ನು ಅನುಸರಿಸುವುದು ಸೂಕ್ತ.

ಡಿಸ್ಟಾರ್ಷನ್ ಮತ್ತು ಕಂಪ್ರೆಷನ್

ಒಂದೇ ಹಂತದಲ್ಲಿ ಅತಿಯಾದ ಗೇನ್ ನೀಡುವ ಬದಲು ಎರಡು ಮೂರು ಹಂತಗಳಲ್ಲಿ ಸ್ವಲ್ಪ ಸ್ವಲ್ಪವೇ ನೀಡುವುದು ಪ್ರಚಲಿತ ವಿಧಾನ. ಐಬನೆಜ್ ಟ್ಯೂಬ್ ಸ್ಕ್ರೀಮರ್ ಮಾದರಿಯ ಓವರ್‌ಡ್ರೈವ್ ಪೆಡಲಿನ ಅನುಕರಣೆಯನ್ನು ಆಂಪ್ಲಿಫೈಯರಿಗಿಂತ ಮೊದಲು ಇರಿಸಿ, ಅದರ ಡ್ರೈವ್ ಕಡಿಮೆ ಮಾಡಿ ಲೆವೆಲ್ ಹೆಚ್ಚಿಸಲಾಗುತ್ತದೆ. ಈ ಪೆಡಲ್ ಕೆಳಗಿನ ಆವರ್ತನಗಳನ್ನು ತಗ್ಗಿಸಿ ಮಧ್ಯದ ಆವರ್ತನಗಳನ್ನು ಮುಂದೆ ತರುವುದರಿಂದ ಗೇನ್ ಹೆಚ್ಚಿದರೂ ನಾದವು ಕಲಸಿಹೋಗುವುದಿಲ್ಲ.

ಕಂಪ್ರೆಸರ್ ಎಂಬುದು ಜೋರಾದ ಭಾಗವನ್ನು ತಗ್ಗಿಸಿ, ನಂತರ ಒಟ್ಟು ಮಟ್ಟವನ್ನು ಏರಿಸುವ ಘಟಕ. 4:1 ಅನುಪಾತದಲ್ಲಿ ಮಿತಿಯ ಮೇಲಿರುವ ಸಂಕೇತವು 20 ಡೆಸಿಬೆಲ್ ಇಳಿದರೂ ಹೊರಬರುವ ಮಟ್ಟ 5 ಡೆಸಿಬೆಲ್ ಮಾತ್ರ ಇಳಿಯುತ್ತದೆ. ಡಿಸ್ಟಾರ್ಷನ್ ಬಳಸದ ಶುಭ್ರ ನಾದದಲ್ಲಿ ಸಸ್ಟೇನ್ ಪಡೆಯಲು ಇದು ಪ್ರಮುಖ ಉಪಾಯ. ಅಟ್ಯಾಕ್ ಸಮಯವನ್ನು 10ರಿಂದ 30 ಮಿಲಿಸೆಕೆಂಡ್ ಇರಿಸಿದರೆ ಮೀಟಿನ ಮೊನಚು ಉಳಿದುಕೊಳ್ಳುತ್ತದೆ.

ಅನೇಕ ತಂತ್ರಾಂಶಗಳಲ್ಲಿ "ಸ್ಯಾಗ್" ಎಂಬ ಗುಂಡಿಯೂ ಇರುತ್ತದೆ. ನಿರ್ವಾತ ನಳಿಕೆಗಳ ಆಂಪ್ಲಿಫೈಯರಿನಲ್ಲಿ ಜೋರಾಗಿ ಮೀಟಿದಾಗ ವಿದ್ಯುತ್ ಪೂರೈಕೆಯ ವೋಲ್ಟೇಜ್ ಕ್ಷಣಕಾಲ ಕುಸಿದು, ಸ್ವರ ಕ್ಷೀಣಿಸುವಾಗ ಚೇತರಿಸಿಕೊಳ್ಳುತ್ತದೆ. ಇದರ ಅನುಕರಣೆಯಿಂದ ಸ್ವರವು ಮೀಟಿದ ನಂತರ ಅರಳಿದಂತೆ ಭಾಸವಾಗುತ್ತದೆ.

ನಾಯ್ಸ್ ಗೇಟ್

ಸಂಕೇತವು ನಿಗದಿತ ಮಟ್ಟಕ್ಕಿಂತ ಕೆಳಗಿಳಿದಾಗ ನಾಯ್ಸ್ ಗೇಟ್ ಶಬ್ದವನ್ನು ಮುಚ್ಚುತ್ತದೆ. ಸಿದ್ಧ ಪ್ರಿಸೆಟ್‌ಗಳಲ್ಲಿ ಈ ಮಟ್ಟವನ್ನು ಎತ್ತರದಲ್ಲಿ ಇರಿಸಿದ್ದರೆ ಸ್ವರವು ಹಠಾತ್ತನೆ ತುಂಡಾಗುತ್ತದೆ. ಗಿಟಾರನ್ನು ನುಡಿಸದೆ ಹಿಡಿದಾಗ ಕೇಳುವ ಗದ್ದಲಕ್ಕಿಂತ ಸ್ವಲ್ಪವೇ ಮೇಲಿರುವಂತೆ ಮಟ್ಟವನ್ನು ಹೊಂದಿಸಿ, ಮುಚ್ಚಿಕೊಳ್ಳುವ ವೇಗವನ್ನು ನಿಧಾನಗೊಳಿಸುವುದರಿಂದ ಇದು ಸರಿಹೋಗುತ್ತದೆ. ಗಿಟಾರಿನ ಶುಭ್ರ ಸಂಕೇತವನ್ನು ಗಮನಿಸಿ ಡಿಸ್ಟಾರ್ಷನ್ ನಂತರ ಕಾರ್ಯನಿರ್ವಹಿಸುವ ಗೇಟ್ ಹೆಚ್ಚು ನಿಖರವಾಗಿರುತ್ತದೆ, ಏಕೆಂದರೆ ಶುಭ್ರ ಸಂಕೇತದಲ್ಲಿ ಸ್ವರಕ್ಕೂ ಗದ್ದಲಕ್ಕೂ ಇರುವ ಅಂತರ ದೊಡ್ಡದು. ಗಣಕಯಂತ್ರದ ಪರದೆ ಮತ್ತು ಚಾರ್ಜರ್‌ಗಳಿಂದ ಗಿಟಾರನ್ನು ದೂರವಿಟ್ಟು ಗದ್ದಲವನ್ನು ಮೂಲದಲ್ಲೇ ತಗ್ಗಿಸಿದರೆ ಗೇಟ್‌ನ ಅವಶ್ಯಕತೆಯೇ ಕಡಿಮೆಯಾಗುತ್ತದೆ.

ಡಿಲೇ ಮತ್ತು ರಿವರ್ಬ್

ಇವು ತಂತಿಯ ಕಂಪನವನ್ನು ಹೆಚ್ಚಿಸುವುದಿಲ್ಲ. ಸ್ವರದ ಪ್ರತಿಧ್ವನಿಗಳು ಅದರ ಬಾಲದ ಮೇಲೆ ಬಿದ್ದು ಖಾಲಿ ಜಾಗವನ್ನು ತುಂಬುವುದರಿಂದ ನಾದವು ಮುಂದುವರಿದಂತೆ ಕೇಳಿಸುತ್ತದೆ. ಆಂಪ್ಲಿಫೈಯರಿನ ನಂತರ ಕಡಿಮೆ ಪ್ರಮಾಣದಲ್ಲಿ ಬಳಸಿದಾಗ ಫಲಿತಾಂಶ ಸ್ವಚ್ಛವಾಗಿರುತ್ತದೆ.

ಸ್ಪೀಕರಿನ ಮೂಲಕ ಫೀಡ್‌ಬ್ಯಾಕ್

ತಂತ್ರಾಂಶದ ಶಬ್ದವನ್ನು ಸ್ಟುಡಿಯೊ ಮಾನಿಟರ್ ಸ್ಪೀಕರಿನಲ್ಲಿ ಕೇಳುತ್ತ, ಅದರ ಎದುರು ಗಿಟಾರನ್ನು ಹಿಡಿದು ನುಡಿಸಿದಾಗ ಅಕೌಸ್ಟಿಕ್ ಫೀಡ್‌ಬ್ಯಾಕ್ ಮತ್ತೆ ಸಾಧ್ಯವಾಗುತ್ತದೆ. ಇದಕ್ಕೆ ಎರಡು ನಿಯಮಗಳು ಈಡೇರಬೇಕು. ತಂತಿ ಕಳೆದುಕೊಳ್ಳುವಷ್ಟು ಶಕ್ತಿ ಮರಳಬೇಕು ಮತ್ತು ಮರಳಿದ ಅಲೆಯು ತಂತಿಯ ಚಲನೆಯೊಂದಿಗೆ ಹೊಂದುವ ಹಂತದಲ್ಲಿರಬೇಕು. ದೂರವನ್ನು ಬದಲಿಸಿದಾಗ ಈ ಹಂತ ಬದಲಾಗಿ ಮೂಲಸ್ವರದ ಬದಲು ಅದರ ಒಂದು ಹಾರ್ಮೋನಿಕ್ ಹಾಡತೊಡಗಬಹುದು.

ತಂತ್ರಾಂಶದ ವಿಳಂಬವೂ ಈ ಹಂತದ ಮೇಲೆ ಪ್ರಭಾವ ಬೀರುತ್ತದೆ. 48 ಕಿಲೋಹರ್ಟ್ಸ್ ದರದಲ್ಲಿ 128 ಮಾದರಿಗಳ ಬಫರ್ ಒಂದು ದಿಕ್ಕಿಗೆ ಸುಮಾರು 2.7 ಮಿಲಿಸೆಕೆಂಡ್ ವಿಳಂಬ ಉಂಟುಮಾಡುತ್ತದೆ. ಒಳಗೆ ಹೋಗಿ ಹೊರಬರುವ ಒಟ್ಟು ವಿಳಂಬವು ಸ್ಪೀಕರಿನಿಂದ ಇನ್ನೂ ಸುಮಾರು 1.8 ಮೀಟರ್ ಹಿಂದೆ ನಿಂತದ್ದಕ್ಕೆ ಸಮ. ಇದು ಫೀಡ್‌ಬ್ಯಾಕ್ ಅನ್ನು ತಡೆಯುವುದಿಲ್ಲ, ಅದು ದೊರೆಯುವ ಸ್ಥಾನವನ್ನು ಬದಲಿಸುತ್ತದೆ. ಈ ವಿಧಾನಕ್ಕೆ ಬೇಕಾಗುವ ಶಬ್ದಮಟ್ಟವು ವಸತಿ ಸಮುಚ್ಚಯಗಳಲ್ಲಿ ನೆರೆಹೊರೆಯವರಿಗೆ ತೊಂದರೆ ನೀಡಬಹುದು. ದಿನಕ್ಕೆ 8 ಗಂಟೆಗಳ ಕಾಲ 85 ಡೆಸಿಬೆಲ್ ಎಂಬುದು ಶ್ರವಣ ರಕ್ಷಣೆಗಾಗಿ ಔದ್ಯೋಗಿಕ ಆರೋಗ್ಯ ತಜ್ಞರು ಸೂಚಿಸುವ ಮಿತಿಯಾಗಿದ್ದು, ಶಬ್ದವು ಹೆಚ್ಚಿದಂತೆ ಸುರಕ್ಷಿತ ಅವಧಿ ವೇಗವಾಗಿ ಕಡಿಮೆಯಾಗುತ್ತದೆ.

ತಂತಿಯನ್ನು ಚಾಲಿಸುವ ಸಾಧನಗಳು

ಸದ್ದಿಲ್ಲದೆ ತಂತಿಗೆ ಶಕ್ತಿ ನೀಡುವ ಸಾಧನಗಳೂ ಇವೆ. ಅಮೆರಿಕದ ಗ್ರೆಗ್ ಹೀಟ್ ರೂಪಿಸಿ 1976ರಲ್ಲಿ ಪರಿಚಯಿಸಿದ ಇಬೋ ಕೈಯಲ್ಲಿ ಹಿಡಿಯುವ ಸಾಧನವಾಗಿದ್ದು, ಬದಲಾಗುವ ಕಾಂತಕ್ಷೇತ್ರದ ಮೂಲಕ ಒಂದು ತಂತಿಯನ್ನು ಸತತವಾಗಿ ಕಂಪಿಸುತ್ತದೆ. ಫರ್ನಾಂಡಿಸ್ ಸಸ್ಟೇನರ್ ಮತ್ತು ಸಸ್ಟೇನಿಯಾಕ್ ಸಾಧನಗಳನ್ನು ಪಿಕಪ್‌ನ ಜಾಗದಲ್ಲಿ ಅಳವಡಿಸಲಾಗುತ್ತದೆ. ಕೆನಡಾದ ಮೈಕೆಲ್ ಬ್ರೂಕ್ ನಿರ್ಮಿಸಿದ "ಇನ್ಫಿನಿಟ್ ಗಿಟಾರ್" ಇದೇ ತತ್ವವನ್ನು ಆಧರಿಸಿದೆ. ಯು2 ತಂಡದ 1987ರ "ವಿತ್ ಆರ್ ವಿದೌಟ್ ಯೂ" ಗೀತೆಯಲ್ಲಿ ಅದರ ನಾದ ಕೇಳಿಬರುತ್ತದೆ. ಹೆಡ್‌ಫೋನ್ ಬಳಸುವವರಿಗೆ ಈ ಸಾಧನಗಳು ವಿಶೇಷವಾಗಿ ಉಪಯುಕ್ತ, ಏಕೆಂದರೆ ಇವು ಸ್ಪೀಕರಿನ ಸಹಾಯವಿಲ್ಲದೆ ಕ್ಷೀಣಿಸುವ ದರವನ್ನೇ ಬದಲಿಸುತ್ತವೆ.

ಫೀಡ್‌ಬ್ಯಾಕ್‌ನ ಶಬ್ದವನ್ನು ಕೃತಕವಾಗಿ ಸೃಷ್ಟಿಸುವ ಡಿಜಿಟೆಕ್ ಫ್ರೀಕ್‌ಔಟ್‌ನಂತಹ ಪೆಡಲ್‌ಗಳು ಮತ್ತು ಪ್ಲಗಿನ್‌ಗಳು ಇನ್ನೊಂದು ಬಗೆ. ಇವುಗಳಲ್ಲಿ ತಂತಿಗೆ ಶಕ್ತಿ ದೊರೆಯುವುದಿಲ್ಲ. ನುಡಿಸಿದ ಸ್ವರವನ್ನು ಗುರುತಿಸಿ ಅದಕ್ಕೆ ಹೊಂದುವ ಹಾರ್ಮೋನಿಕ್ ಅನ್ನು ಸೇರಿಸಲಾಗುತ್ತದೆ.

ಕಾರಣವನ್ನು ಪತ್ತೆಹಚ್ಚುವ ಕ್ರಮ

ಹೊಸ ಉಪಕರಣವನ್ನು ಕೊಳ್ಳುವ ಮೊದಲು ದೋಷವು ಯಾವ ಹಂತದಲ್ಲಿದೆ ಎಂಬುದನ್ನು ಈ ಕ್ರಮದಲ್ಲಿ ಪರೀಕ್ಷಿಸಬಹುದು.

1. ಗಿಟಾರನ್ನು ಯಾವುದಕ್ಕೂ ಜೋಡಿಸದೆ ಪ್ರತಿ ಫ್ರೆಟ್‌ನಲ್ಲೂ ಮೀಟಿ ಆಲಿಸುವುದು. ಒಂದೆರಡು ಸ್ವರಗಳು ಮಾತ್ರ ಬೇಗ ಅಳಿದರೆ ಅದು ಡೆಡ್ ಸ್ಪಾಟ್ ಅಥವಾ ಫ್ರೆಟ್‌ನ ದೋಷ.
2. ಆಂಪ್ ಸಿಮ್ಯುಲೇಷನ್ ಇಲ್ಲದೆ ಶುಭ್ರ ಸಂಕೇತವನ್ನು ಧ್ವನಿಮುದ್ರಿಸಿ ಅಲೆಯ ಚಿತ್ರವನ್ನು ನೋಡುವುದು. ತುದಿಗಳು ಚಪ್ಪಟೆಯಾಗಿದ್ದರೆ ಒಳಮಟ್ಟ ಹೆಚ್ಚಾಗಿದೆ. ಅಲೆಯು ಬಹಳ ಸಣ್ಣದಾಗಿದ್ದರೆ ಒಳಮಟ್ಟ ಕಡಿಮೆಯಾಗಿದೆ.
3. ನಾಯ್ಸ್ ಗೇಟ್ ನಿಲ್ಲಿಸಿ ಅದೇ ಮುದ್ರಣವನ್ನು ತಂತ್ರಾಂಶದ ಮೂಲಕ ಕೇಳುವುದು. ನಾದವು ಹಠಾತ್ತನೆ ತುಂಡಾಗುವುದು ನಿಂತರೆ ಗೇಟ್ ಕಾರಣ.
4. ಅದೇ ಮುದ್ರಣಕ್ಕೆ ಓವರ್‌ಡ್ರೈವ್ ಅಥವಾ ಕಂಪ್ರೆಸರ್ ಸೇರಿಸಿ ಅವಧಿಯನ್ನು ಹೋಲಿಸುವುದು.
5. ಕೊನೆಯಲ್ಲಿ ಹೆಡ್‌ಫೋನ್ ಬಿಟ್ಟು ಸ್ಪೀಕರಿನ ಮುಂದೆ ನುಡಿಸುವುದು. ಆಗ ಮಾತ್ರ ನಾದ ದೀರ್ಘವಾದರೆ ಕೊರತೆಯಿದ್ದದ್ದು ಫೀಡ್‌ಬ್ಯಾಕ್‌ನಲ್ಲಿ.

ಮಿತಿಗಳು

ಅತಿಯಾದ ಗೇನ್ ಮತ್ತು ಕಂಪ್ರೆಷನ್‌ನಿಂದ ಮೆಲ್ಲಗೆ ಮೀಟಿದ್ದಕ್ಕೂ ಜೋರಾಗಿ ಮೀಟಿದ್ದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಹಲವು ಸ್ವರಗಳನ್ನು ಒಟ್ಟಿಗೆ ನುಡಿಸಿದಾಗ ಅವು ಪರಸ್ಪರ ಬೆರೆತು ಅಸ್ಪಷ್ಟವಾಗುತ್ತವೆ, ಬೆರಳು ಜಾರುವ ಸದ್ದೂ ಎದ್ದು ಕೇಳಿಸುತ್ತದೆ. ಒಂಟಿ ಸ್ವರದ ರಾಗಾಲಾಪಕ್ಕೆ ಹೊಂದುವ ಸಂಯೋಜನೆ ಲಯವಾದನಕ್ಕೆ ಹೊಂದದಿರಬಹುದು.

ಕರ್ನಾಟಕ ಸಂಗೀತದಲ್ಲಿ

ಒಂದು ಮೀಟಿನಲ್ಲಿ ಹಲವು ಸ್ವರಗಳನ್ನು ಜಾರಿಸಿ ಅಥವಾ ತಂತಿಯನ್ನು ಎಳೆದು ಗಮಕಗಳನ್ನು ನುಡಿಸುವ ಕರ್ನಾಟಕ ಸಂಗೀತದ ಶೈಲಿಗೆ ಸಸ್ಟೇನ್ ಅತ್ಯಗತ್ಯ. ಮೀಟಿದ ನಾದವು ಗಮಕ ಪೂರ್ಣಗೊಳ್ಳುವವರೆಗೆ ಉಳಿಯದಿದ್ದರೆ ಮತ್ತೆ ಮೀಟಬೇಕಾಗಿ ಸ್ವರಗಳ ಹರಿವು ತುಂಡಾಗುತ್ತದೆ. ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ಮತ್ತು ಆರ್. ಪ್ರಸನ್ನ ಎಲೆಕ್ಟ್ರಿಕ್ ಗಿಟಾರಿನಲ್ಲಿ ಈ ಸಂಗೀತವನ್ನು ನುಡಿಸಿ ಪ್ರಸಿದ್ಧರಾದವರು. ಇನ್ಫಿನಿಟ್ ಗಿಟಾರಿನ ನಿರ್ಮಾತೃ ಮೈಕೆಲ್ ಬ್ರೂಕ್ ಮತ್ತು ಶ್ರೀನಿವಾಸ್ ಜೊತೆಗೂಡಿ "ಡ್ರೀಮ್" ಎಂಬ ಧ್ವನಿಸಂಪುಟವನ್ನು 1995ರಲ್ಲಿ ಹೊರತಂದರು.

ಇವನ್ನೂ ನೋಡಿ

• ಎಲೆಕ್ಟ್ರಿಕ್ ಗಿಟಾರ್
• ಪಿಕಪ್
• ಅನುರಣನ
• ಗಮಕ
• ಡೆಸಿಬೆಲ್